ಕಣ್ಣಿಗೆ ಒಂದೇ ಅಕ್ಷರ

ಬಂದರು ರಸ್ತೆಯ ತಿರುವಿನಲ್ಲಿ ಬಸ್ಸು ನಿಧಾನವಾದಾಗ ವೆಲಿನಾ ಅವರಿಬ್ಬರನ್ನೂ ಕಂಡಳು. ಅವಳಿದ್ದ ಕಟ್ಟಡದಲ್ಲೇ ಮೊದಲ ಮಹಡಿಯಲ್ಲಿದ್ದ ಪೆನ್ಕೊ ಮಾವ, ಅವರ ತೋಳಿಗೆ ತೋಳು ಸೇರಿಸಿಕೊಂಡ ಹೆಂಡತಿ ಸ್ತೋಯ್ನಾ. ಹಳೆಯ ಧಾನ್ಯದ ಗೋದಾಮಿನ ಪಕ್ಕದ ಕಾಲುದಾರಿಯಲ್ಲಿ ಹಿಂದಿನ ದಿನದ ಹಿಮ ಗಟ್ಟಿಯಾಗಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಇಬ್ಬರೂ ನೆಲ ನೋಡಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಹಿಂದೆ, ಬಲ್ಗೇರಿಯಾದ ಗಡಿಯ ಡಾನ್ಯೂಬ್ ನದಿ ಮಂಜಿನಲ್ಲಿ ಅಡಗಿತ್ತು. ಈ ವಯಸ್ಸಿನಲ್ಲೂ ಹೀಗೆ ಕೈಹಿಡಿದುಕೊಂಡು ಬೆಳಗಿನ ಗಾಳಿಗೆ ಹೊರಡುವವರಿದ್ದಾರಲ್ಲ ಎಂದು ವೆಲಿನಾಳ ಮನಸ್ಸು ತುಂಬಿ ಬಂತು.

ಆಫೀಸಿಗೆ ಬಂದವಳು ಕೋಟು ತೆಗೆಯುವ ಮೊದಲೇ ಪಕ್ಕದ ಮೇಜಿನ ತ್ಸೋಂಕಾಳಿಗೆ ಹೇಳಿದಳು.

"ನಮ್ಮ ಕೆಳಮನೆಯೋರನ್ನ ನೋಡ್ದೆ ಕಣೇ. ಹೊಸದಾಗಿ ಮದ್ವೆಯಾದೋರ ಥರ ತೋಳು ಹಿಡ್ಕೊಂಡು ವಾಕಿಂಗ್ ಹೊರಟಿದ್ರು."

"ನನ್ನ ಗಂಡನೂ ತೋಳು ಹಿಡೀತಾನೆ," ಎಂದಳು ತ್ಸೋಂಕಾ, ಪದಬಂಧದಿಂದ ತಲೆ ಎತ್ತದೆ. "ಬಾರಿಂದ ಮನೆಗೆ ಬರೋವಾಗ. ಪ್ರೀತಿಗಲ್ಲ, ಬೀಳಬಾರ್ದು ಅಂತ."

ಇಬ್ಬರೂ ನಕ್ಕರು. ಹೊರಗೆ ಸಿನಿಮಾ ಮಂದಿರದ ಹಳೆಯ ಫಲಕದಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು.

ಅವರ ಆಫೀಸು, ಆ ಮಂದಿರದ ಹಿಂಭಾಗದ ಕೋಣೆ, ಹೋದ ಶರತ್ಕಾಲದವರೆಗೆ ನಗರಸಭೆಯ ಪಾರ್ಕಿಂಗ್ ವಿಭಾಗವಾಗಿತ್ತು. ಆಮೇಲೆ ನಗರಸಭೆ ದಂಡದ ಚೀಟಿಗಳ ಇಡೀ ಕೆಲಸವನ್ನು ರಾಜಧಾನಿಯ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತು. ಗೋಡೆ ಅದೇ, ಸೋರುವ ನಲ್ಲಿ ಅದೇ, ಕೂತ ಇಬ್ಬರು ಹೆಂಗಸರೂ ಅವರೇ. ಬದಲಾಗಿದ್ದು ಬಾಗಿಲ ಮೇಲಿನ ಹೆಸರು, ಇಬ್ಬರ ಮೈಮೇಲಿನ ಬೂದು ಬಣ್ಣದ ತೋಳಿಲ್ಲದ ಜಾಕೆಟ್ಟು, ಮತ್ತೆ ಜನ ಬಂದು ನಿಲ್ಲುತ್ತಿದ್ದ ಕಿಟಕಿ. ಕಿಟಕಿಗೆ ಹಲಗೆ ಹೊಡೆದು ಮುಚ್ಚಿದ್ದರು. ಮೊದಲಾದರೆ ದಂಡ ಬಿದ್ದವರು ಅಲ್ಲಿ ನಿಂತು ಕೂಗಾಡುತ್ತಿದ್ದರು, ಅಳುತ್ತಿದ್ದರು, ತ್ಸೋಂಕಾಳ ಏಳು ತಲೆಮಾರನ್ನೂ ಬಯ್ಯುತ್ತಿದ್ದರು. ಬಯ್ದು ಸುಸ್ತಾದ ಮೇಲೆ ವೆಲಿನಾ ಒಂದು ಲೋಟ ನೀರು ಕೊಟ್ಟು, "ಈಗ ಹೇಳಿ, ಏನಾಯ್ತು," ಎನ್ನುತ್ತಿದ್ದಳು. ಈಗ ಆಕ್ಷೇಪಣೆಗಳೆಲ್ಲ ಕಂಪ್ಯೂಟರಿಗೆ ಬರುತ್ತವೆ. ಪರದೆಯ ಮೇಲೆ ಕಾರಿನ ನಂಬರು, ಒಂದು ಫೋಟೊ, ನಾಲ್ಕು ಸಾಲು ಗೋಳು. ಹೆಸರು ಕಾಣುವುದಿಲ್ಲ. ಯಾರಿಗೂ ಪಕ್ಷಪಾತವಾಗಬಾರದು ಎಂದು ಕಂಪನಿಯೇ ಹಾಗೆ ಮಾಡಿತ್ತು.

ಉತ್ತರ ಬರೆಯುವ ಕಷ್ಟವೂ ಇರಲಿಲ್ಲ. ಸಿದ್ಧ ಉತ್ತರ ಮೂರಿದ್ದವು, ಒತ್ತಿದರೆ ಆಯಿತು, ಕಾಗದ ತಾನಾಗಿ ಅಂಚೆಗೆ ಹೋಗುತ್ತಿತ್ತು. ತ್ಸೋಂಕಾ ಅವಕ್ಕೆ ಹೆಸರಿಟ್ಟಿದ್ದಳು. 'ತಮ್ಮ ತೊಂದರೆಗೆ ವಿಷಾದವಿದೆ, ಆದರೆ ಗಡುವು ಮುಗಿದಿದೆ' ಎನ್ನುವುದು ಅಳುಮುಂಜಿ. 'ತಮ್ಮ ವಾಹನ ವಿನಾಯಿತಿ ಪಟ್ಟಿಯಲ್ಲಿ ಇಲ್ಲ' ಎನ್ನುವುದು ಕಲ್ಲು. 'ಈ ಬಾರಿ ಮನ್ನಿಸಲಾಗಿದೆ' ಎನ್ನುವುದು ಪಾದ್ರಿ. ಪಾದ್ರಿಯ ದರ್ಶನ ಅಪರೂಪ. ಮೂರರ ಕೊನೆಗೂ ಒಂದೇ ಸಹಿ: 'ಗೌರವಪೂರ್ವಕವಾಗಿ, ಆಕ್ಷೇಪಣಾ ವಿಭಾಗ'. ವಿಭಾಗ ಎಂದರೆ ಒಂದು ಕುರ್ಚಿ. ಆ ಕುರ್ಚಿಯ ಮೇಲೆ ವೆಲಿನಾ.

ಆ ಚಳಿಗಾಲದಲ್ಲಿ ಅವಳ ಬೆರಳಿನಿಂದ ಕಲ್ಲು ಬಹಳ ಸಲೀಸಾಗಿ ಉದುರುತ್ತಿತ್ತು. ಅಂಗವಿಕಲರ ನೀಲಿ ಕಾರ್ಡು ಇದ್ದರೆ ಎಲ್ಲಿ ಬೇಕಾದರೂ ಕಾರು ನಿಲ್ಲಿಸಬಹುದು ಎನ್ನುವುದು ಕಾನೂನು. ಸತ್ತ ಅಜ್ಜಿಯ ಕಾರ್ಡನ್ನು ಗಾಜಿನ ಹಿಂದಿಟ್ಟುಕೊಂಡು ಮೀನು ಹಿಡಿಯಲು ಹೋಗುವ ಮೊಮ್ಮಕ್ಕಳು ಊರ ತುಂಬ ಇದ್ದರು. ಅದಕ್ಕೇ ಬೀದಿಯಲ್ಲಿ ಚೀಟಿ ಹಾಕುವವರಿಗೆ ಕಂಪನಿ ಕೈಯಲ್ಲೊಂದು ಯಂತ್ರ ಕೊಟ್ಟಿತ್ತು. ಕಾರ್ಡು ನೋಡಬೇಡಿ, ನಂಬರು ಒತ್ತಿ, ಪಟ್ಟಿಯಲ್ಲಿದ್ದರೆ ಬಿಡಿ, ಇಲ್ಲದಿದ್ದರೆ ಚೀಟಿ. ವೆಲಿನಾಳೂ ನಂಬರು ಒತ್ತುತ್ತಿದ್ದಳು. ಇಲ್ಲ ಎಂದು ಬಂದರೆ, ಇನ್ನೊಬ್ಬ ಮೊಮ್ಮಗ ಎಂದುಕೊಂಡು ಕಲ್ಲು ಹಾಕುತ್ತಿದ್ದಳು.

ಭಾನುವಾರ ಮಧ್ಯಾಹ್ನ ಬಾಗಿಲು ದಬದಬ ಬಡಿದ ಸದ್ದಾಯಿತು.

"ತೆಗಿ ವೆಲಿ, ಉಸಿರು ಹೋಗೋ ಮೊದ್ಲು! ಸ್ವರ್ಗಕ್ಕೆ ಇನ್ನೊಂದೇ ಮಹಡಿ ಬಾಕಿ ಇರೋ ಹಾಗಿದೆ."

ಪೆನ್ಕೊ ಮಾವ. ಲಿಫ್ಟಿಲ್ಲದ ಕಟ್ಟಡದಲ್ಲಿ ವೆಲಿನಾಳದು ನಾಲ್ಕನೇ ಮಹಡಿ. ಒಂದು ಕಾಲಕ್ಕೆ ದೋಣಿಗಳ ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದ ಆ ದೊಡ್ಡ ಕೈಯಲ್ಲಿ ಒಂದು ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ಮಡಿಸಿದ ಕಾಗದ. ಒಲೆಯ ಮೇಲೆ ಹುರುಳಿಕಾಯಿ ಬೀಜದ ಸಾರು ಕುದಿಯುತ್ತಿತ್ತು. ಮೇಜಿನ ಬಳಿ ಮಗಳು ನೆವೆನಾ ಫೋನಿನಲ್ಲಿ ಮುಖ ಹುದುಗಿಸಿ ಕೂತಿದ್ದಳು.

"ಫೋನ್ ಕೆಳಗಿಡು. ಮಾವಂಗೆ ಕುರ್ಚಿ ಕೊಡು," ಎಂದಳು ವೆಲಿನಾ. ಬಗ್ಗಿ ಪರದೆ ನೋಡಿದವಳಿಗೆ ಸಿಟ್ಟು ಬಂತು. "ಎಷ್ಟು ಸಲ ಹೇಳಿದೀನಿ, ಬಲ್ಗೇರಿಯನ್ ಭಾಷೆನ ನಮ್ಮ ಅಕ್ಷರದಲ್ಲಿ ಬರಿ ಅಂತ? ಇದೇನಿದು, ಇಂಗ್ಲಿಷ್ ಅಕ್ಷರ, ಮಧ್ಯೆ ಅಕ್ಷರದ ಬದಲು ನಾಲ್ಕು, ಆರು ಅಂತ ಅಂಕಿ..."

"ಎಲ್ಲರೂ ಹೀಗೇ ಬರೆಯೋದಮ್ಮ. ಓದೋರಿಗೆ ಅರ್ಥವಾದ್ರೆ ಸಾಕಲ್ವಾ?"

"ನಮ್ಮ ಕಾಲದಲ್ಲಿ ಅಕ್ಷರಾನೂ ಇರ್ಲಿಲ್ಲ, ಅರ್ಥಾನೂ ಇರ್ಲಿಲ್ಲ," ಎಂದು ಪೆನ್ಕೊ ಮಾವ ಹುಡುಗಿಯ ಕಡೆ ಕಣ್ಣು ಮಿಟುಕಿಸಿದರು. ಆಮೇಲೆ ಕಾಗದ ಹೊರತೆಗೆದು ಮೇಜಿನ ಮೇಲೆ ಅಂಗೈಯಿಂದ ಸವರಿ ಬಿಡಿಸಿದರು. "ನೀನು ಅಲ್ಲೇ ಕೆಲಸ ಮಾಡೋದಲ್ವಾ. ನಾನೇ ಏನೋ ತಪ್ಪು ತುಂಬಿರ್ಬೇಕು. ಸ್ವಲ್ಪ ನೋಡು ಮಗಳೇ. ಸ್ತೋಯ್ನಾಳ ಕಾರ್ಡಿದೆ, ನಮ್ಮ ಗಾಡಿ ನಂಬರು ಎಷ್ಟೋ ವರ್ಷದಿಂದ ನಿಮ್ಮ ಆಫೀಸಲ್ಲಿದೆ. ನೀನೇ ಬರ್ಕೊಂಡಿದ್ದೆ, ನೆನಪಿದ್ಯಾ? ಈಗ ಇಲ್ಲ ಅಂತಾರೆ. ಆದ್ರೆ ಬರೆದೋರು ಒಳ್ಳೆ ಮನೆತನದೋರು ಇರ್ಬೇಕು. ಕೊನೇಲಿ ನೋಡು, ಗೌರವಪೂರ್ವಕವಾಗಿ ಅಂತ. ಉಗಿದ್ರೂ ಎಷ್ಟು ಮರ್ಯಾದೆಯಿಂದ ಉಗಿದಿದ್ದಾರೆ."

ವೆಲಿನಾ ಓದಿದಳು. ಓದುವ ಅಗತ್ಯವಿರಲಿಲ್ಲ. ಕಲ್ಲು. ಯಾವ ದಿನ ಒತ್ತಿದೆ, ಆಗ ಕಾಫಿ ಕುಡಿಯುತ್ತಿದ್ದೆನೋ, ತ್ಸೋಂಕಾಳ ಮಾತಿಗೆ ನಗುತ್ತಿದ್ದೆನೋ ಎಂದು ನೆನಪಿಸಿಕೊಳ್ಳಲು ನೋಡಿದಳು. ಏನೂ ನೆನಪಾಗಲಿಲ್ಲ. ಅಷ್ಟು ಹಗುರವಾಗಿ ಒತ್ತಿದ್ದಳು.

"ಈಗ ಕಾರು ಎಲ್ಲಿ ನಿಲ್ಲಿಸ್ತಿದೀರಿ ಮಾವ?"

"ಗೋದಾಮಿನ ಹತ್ರ. ಅಲ್ಲಿ ಯಾರೂ ಕೇಳಲ್ಲ. ಅಲ್ಲಿಂದ ಆಸ್ಪತ್ರೆಗೆ ನಡೆಸ್ಕೊಂಡು ಹೋಗ್ತೀನಿ."

"ಬಾಗಿಲಲ್ಲೇ ಇಳಿಸಿ..."

"ಇಳಿಸಿದ್ದೆ. ಒಳಗೆ ಕೂರಿಸಿ ಬರೋಷ್ಟ್ರಲ್ಲಿ ಜೇಡ ಎತ್ಕೊಂಡು ಹೋಗಿತ್ತು." ಕಾರುಗಳನ್ನು ಕೊಕ್ಕೆ ಹಾಕಿ ಎತ್ತುವ ಲಾರಿಗೆ ಊರೆಲ್ಲ ಜೇಡ ಎನ್ನುತ್ತಾರೆ. "ಅವತ್ತು ಎಲ್ಲ ಮುಗಿದ್ಮೇಲೆ ಅವಳ್ನ ಬಸ್ ಸ್ಟಾಪಲ್ಲಿ ಕೂರಿಸಿ ಗಾಡಿ ಬಿಡಿಸ್ಕೊಳೋಕೆ ಓಡ್ದೆ. ಹೋಗೋವಾಗ ಪರವಾಗಿಲ್ಲ ವೆಲಿ. ಬರೋವಾಗ ಆ ಡಯಾಲಿಸಿಸ್ ಯಂತ್ರ ಬಟ್ಟೆ ಹಿಂಡಿದ ಹಾಗೆ ಹಿಂಡಿರುತ್ತೆ, ಕಾಲು ನಿಲ್ಲಲ್ಲ. ಮೊನ್ನೆ ಹಿಮದ ಮೇಲೆ ಬಿದ್ಲು." ಹುಡುಗಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು. "ಹೋದ ವಾರ ಹೋಗೋದೇ ಬೇಡ ಅಂತ ಹಟ ಹಿಡಿದ್ಲು. ಒಂದು ಸಲ ತಪ್ಪಿದ್ರೆ ಏನಾಗುತ್ತೆ ಅಂತಾಳೆ. ಏನಾಗುತ್ತೆ ಅಂತ ನಂಗೆ ಗೊತ್ತು. ಪಕ್ಕದ ಮಂಚದೋಳು ಹಾಗೇ ಎರಡು ಸಲ ತಪ್ಪಿಸಿದ್ಲು. ಈಗ ಅವಳ ಫೋಟೊ ಆಸ್ಪತ್ರೆ ಗೇಟಿಗೆ ಅಂಟಿಸಿದ್ದಾರೆ, ಕಪ್ಪು ಅಂಚು ಹಾಕಿ."

ವೆಲಿನಾಳ ಕಣ್ಣ ಮುಂದೆ ಬಸ್ಸಿನ ಕಿಟಕಿ ಬಂತು. ತೋಳಿಗೆ ತೋಳು. ಹೊಸದಾಗಿ ಮದುವೆಯಾದವರ ಥರ.

ಅದು ನಾನೇ ಮಾವ ಎನ್ನಬೇಕಿತ್ತು. ಬಾಯಿಗೂ ಬಂದಿತ್ತು. ಅಷ್ಟರಲ್ಲಿ ನೆವೆನಾ ಸಾರಿನ ಬಟ್ಟಲು ತಂದು ಅವರ ಮುಂದಿಟ್ಟಳು. ಪೆನ್ಕೊ ಮಾವ, "ಆಹಾ, ಪುದೀನ ಹಾಕಿದೀಯಾ," ಎಂದರು. ವೆಲಿನಾ, "ನೋಡ್ತೀನಿ ಮಾವ," ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆ ಹಳೆಯ ಬೀರುವಿನಿಂದ ನಗರಸಭೆಯ ಕಾಲದ ಪಟ್ಟಿಯ ಕಡತ ತೆಗೆದಳು. ಪೆನ್ಕೊ ಮಾವನ ನಂಬರು ಅಲ್ಲಿತ್ತು. ಎಂದೋ ಅವಳೇ ಕೂತು ಟೈಪು ಮಾಡಿದ್ದು. ಕಂಪ್ಯೂಟರಿನಲ್ಲಿ ಅದೇ ನಂಬರು ಒತ್ತಿದಳು. ಇಲ್ಲ ಎಂದಿತು. ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಹೊಂದಿಸಿ ನೋಡಿ ಮತ್ತೆ ಒತ್ತಿದಳು. ಇಲ್ಲ. ಕಂಪ್ಯೂಟರಿನಲ್ಲೇ ಪಟ್ಟಿ ತೆರೆದು ಕೆಳಗೆ ಸರಿಸುತ್ತ ಹೋದಳು. ಅಲ್ಲಿ, ಸಾಲುಗಳ ನಡುವೆ, ಅದೇ ನಂಬರು ಅವಳನ್ನೇ ನೋಡುತ್ತ ಕೂತಿತ್ತು.

ಇದೆ. ಆದರೆ ಕರೆದರೆ ಓಗೊಡುವುದಿಲ್ಲ.

"ದೆವ್ವ ಹೊಕ್ಕಿದೆ ಇದಕ್ಕೆ," ಎಂದಳು ತ್ಸೋಂಕಾ. "ಪಾದ್ರಿ ಕರೆಸಿ ನೀರು ಚಿಮುಕಿಸು."

ವೆಲಿನಾಳ ಕಣ್ಣು ಪರದೆಯ ಮೂಲೆಗೆ ಹೋಯಿತು. ಯಾವ ಲಿಪಿಯಲ್ಲಿ ಟೈಪು ಮಾಡುತ್ತಿದ್ದೇವೆ ಎಂದು ತೋರಿಸುವ ಎರಡಕ್ಷರದ ಗುರುತು ಅಲ್ಲಿ ಇರುತ್ತದೆ. ಇಂಗ್ಲಿಷ್ ಎಂದಿತ್ತು. ಕಂಪನಿಯ ಯಂತ್ರಗಳೆಲ್ಲ ಇಂಗ್ಲಿಷಿನವು. ಶರತ್ಕಾಲದಿಂದ ಅವಳು ಆ ಗುರುತನ್ನು ಮುಟ್ಟಿರಲೇ ಇಲ್ಲ. ನಮ್ಮ ಅಕ್ಷರದಲ್ಲಿ ಬರಿ ಎಂದು ಹಿಂದಿನ ದಿನ ಮಗಳಿಗೆ ಬಯ್ದದ್ದು ಕಿವಿಯಲ್ಲಿ ಕೇಳಿದಂತಾಯಿತು.

ಬಲ್ಗೇರಿಯಾದ ಗಾಡಿ ನಂಬರುಗಳಲ್ಲಿ ಎಲ್ಲ ಅಕ್ಷರ ಬಳಸುವುದಿಲ್ಲ. ಹೊರದೇಶದ ಪೊಲೀಸರಿಗೂ ಓದಲು ಬರಲಿ ಎಂದು, ನಮ್ಮ ಬಲ್ಗೇರಿಯನ್ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ಒಂದೇ ರೂಪ ಇರುವ ಅಕ್ಷರಗಳನ್ನಷ್ಟೇ ಆರಿಸಿಟ್ಟಿದ್ದಾರೆ. ನಮ್ಮ 'ವ' ನೋಡಲು ಅವರ 'ಬಿ'. ನಮ್ಮ 'ರ' ನೋಡಲು ಅವರ 'ಪಿ'. ಮನುಷ್ಯರ ಕಣ್ಣಿಗೆ ಒಂದೇ. ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ತಾಯಿಯ ಮಕ್ಕಳು. ಒಂದನ್ನು ಕರೆದರೆ ಇನ್ನೊಂದು ತಿರುಗಿಯೂ ನೋಡುವುದಿಲ್ಲ. ನಗರಸಭೆಯ ಕಾಲದಲ್ಲಿ ವೆಲಿನಾ ಇಡೀ ಪಟ್ಟಿಯನ್ನು ನಮ್ಮ ಅಕ್ಷರದಲ್ಲೇ ಟೈಪು ಮಾಡಿದ್ದಳು, ಹೆಮ್ಮೆಯಿಂದ. ಆಗ ಹುಡುಕುತ್ತಿದ್ದದ್ದೂ ನಮ್ಮ ಅಕ್ಷರದಲ್ಲೇ, ಎಲ್ಲ ಸಿಗುತ್ತಿತ್ತು. ಗುತ್ತಿಗೆಯ ದಿನ ಪಟ್ಟಿ ಕಂಪನಿಗೆ ಹಸ್ತಾಂತರವಾಯಿತು. ಪರಿಶೀಲಿಸಲಾಗಿದೆ ಎಂಬಲ್ಲಿ ವೆಲಿನಾ ಸಹಿ ಹಾಕಿದ್ದಳು. ಕಣ್ಣಿನಿಂದ ಪರಿಶೀಲಿಸಿದ್ದಳು. ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು.

ಕಾರ್ಡು ಹೊಸದಾಗಿ ಪಡೆದವರ ನಂಬರುಗಳನ್ನು ಕಂಪನಿಯ ಯಂತ್ರದಲ್ಲೇ ಸೇರಿಸಿದ್ದರು. ಅವರಿಗೆ ತೊಂದರೆ ಇರಲಿಲ್ಲ. ಸಿಕ್ಕಿಬಿದ್ದವರು ಹಳಬರು. ವರ್ಷಗಟ್ಟಲೆಯಿಂದ ಕಾಯಿಲೆಯಲ್ಲಿರುವವರು.

ಪೆನ್ಕೊ ಮಾವನ ನಂಬರನ್ನು ಅಳಿಸಿ ಇಂಗ್ಲಿಷ್ ಅಕ್ಷರದಲ್ಲಿ ಮತ್ತೆ ಟೈಪು ಮಾಡಿದಳು. ಹುಡುಕಿದಳು. ಹಸಿರು ಗುರುತು ಬಂತು. ಪರದೆಯ ಮೇಲೆ ಏನೂ ಬದಲಾದಂತೆ ಕಾಣಲಿಲ್ಲ. ಅದರ ಮೇಲೆ, ಕೆಳಗೆ, ಉಳಿದ ನಂಬರುಗಳು ಸುಮ್ಮನೆ ನಿಂತಿದ್ದವು. ಅವನ್ನೂ ಅವಳು ನೋಡಿದಳು. ನೋಡಿ ಪಟ್ಟಿ ಮುಚ್ಚಿದಳು. ನೆವೆನಾಳ ಅಪ್ಪ ಸ್ಪೇನಿಗೆ ಹೋದವನು ಹುಟ್ಟುಹಬ್ಬಕ್ಕೆ ಫೋನು ಮಾಡುವುದನ್ನೂ ನಿಲ್ಲಿಸಿದ ಮೇಲೆ ಈ ಕುರ್ಚಿಯೊಂದೇ ಆ ಮನೆಗೆ ಆಸರೆ. ಸಹಿ ಮಾಡಿದವಳು ನಾನು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಮಾರ್ಚ್ ಮೊದಲ ದಿನ ಸ್ತೋಯ್ನಾ ಅತ್ತೆ ಮೆಟ್ಟಿಲ ಬಳಿ ಕಾದಿದ್ದರು. ಬೂದಿ ಬಣ್ಣದ ಮುಖ, ಮೊಣಕೈಯ ಒಳಗೆ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ. ಅವತ್ತು ಎಲ್ಲರೂ ಎಲ್ಲರ ಕೈಗೂ ಕಟ್ಟುವ ಕೆಂಪು ಬಿಳಿ ದಾರ ಅವರ ಬೆರಳಿನಲ್ಲಿ ನೇತಾಡುತ್ತಿತ್ತು.

"ಕೈ ಕೊಡು. ನಾನೇ ಹೊಸೆದದ್ದು. ಆರೋಗ್ಯವಾಗಿರು, ಗಟ್ಟಿಯಾಗಿರು. ವಸಂತದ ಮೊದಲ ಕೊಕ್ಕರೆ ಕಾಣೋವರೆಗೂ ಬಿಚ್ಚಬೇಡ." ಗಂಟು ಹಾಕುತ್ತ ಹೇಳಿದರು, "ನಿನ್ನೆ ಆಸ್ಪತ್ರೆ ಬಾಗಿಲಲ್ಲೇ ನಿಲ್ಲಿಸಿದ್ವಿ. ಆ ಚೀಟಿ ಹುಡುಗ ಯಂತ್ರ ಒತ್ತಿದ, ನನ್ನ ಮುಖ ನೋಡಿದ, ಸಲಾಮು ಹೊಡೆದು ಹೋದ. ಪೆನ್ಕೊ ಊರಿಗೆಲ್ಲ ಸಾರಿದಾನೆ, ನಮ್ಮ ವೆಲಿ ಮಾಡಿಸಿಕೊಟ್ಲು ಅಂತ. ಈ ಜಾಡಿ ತಗೋ. ಮೆಣಸಿನಕಾಯಿ ಟೊಮೆಟೊ ಗೊಜ್ಜು. ಖಾರ ಜಾಸ್ತಿ ಆಗಿದೆ, ನಾನು ತಿನ್ನೋ ಹಾಗಿಲ್ಲ, ರುಚಿ ನೋಡದೆ ಮಾಡಿದ್ದು."

ಮಾಡಿಸಿಕೊಟ್ಟಳು ಎಂಬ ಮಾತು ಆ ಊರಿನಲ್ಲಿ ಬೇಗ ಹರಡುತ್ತದೆ. ಹಕ್ಕಿನಿಂದ ಸಿಗಬೇಕಾದದ್ದೂ ಗೊತ್ತಿದ್ದವರಿಂದಲೇ ಸಿಗುವುದು ಎಂದು ನಂಬಿ ಬೆಳೆದವರು ಎಲ್ಲರೂ. ವಾರ ಕಳೆಯುವುದರೊಳಗೆ ಬಾಗಿಲಿಗೆ ಜನ ಬರತೊಡಗಿದರು. ಮೊದಲು ಒಬ್ಬ ಕುಂಟುವ ಮುದುಕ, ಕೈಯಲ್ಲಿ ಜೇನು. ಆಮೇಲೆ ಶ್ವಾಸಕೋಶದ ಕಾಯಿಲೆಯ ಗಂಡನ ಪರವಾಗಿ ಒಬ್ಬಾಕೆ, ಮನೆಯ ಕೋಳಿಮೊಟ್ಟೆ ಬಟ್ಟೆಯಲ್ಲಿ ಸುತ್ತಿಕೊಂಡು. ಎಲ್ಲರ ಕೈಯಲ್ಲೂ ಕಲ್ಲು ಹೊತ್ತ ಕಾಗದ.

"ನಿಮಗೆ ಒಳಗೆ ವಶೀಲಿ ಇದೆಯಂತೆ ಅಕ್ಕಾ," ಎನ್ನುತ್ತಿದ್ದರು, ಬೂಟು ಕಳಚುವ ಮೊದಲೇ. "ನಮ್ಮದೂ ಸ್ವಲ್ಪ ಮಾತಾಡಿ."

"ಇದೆಲ್ಲ ಬೇಡ, ದಯವಿಟ್ಟು ತಗೊಂಡು ಹೋಗಿ," ಎಂದರೆ, "ಕಡಿಮೆ ಆಯ್ತೇನೋ," ಎಂದು ಮುಖ ಸಣ್ಣದು ಮಾಡಿಕೊಂಡು, ಮರುದಿನ ಎರಡು ಜಾಡಿ ತರುತ್ತಿದ್ದರು. ಅಡುಗೆಮನೆಯ ಕಿಟಕಿಕಟ್ಟೆ ತುಂಬಿತು. ನೆವೆನಾ ಬ್ರೆಡ್ಡಿಗೆ ಗೊಜ್ಜು ಬಳಿಯುತ್ತ, "ಅಮ್ಮ, ನೀನು ಮಂತ್ರಿ ಆದ್ಯಾ?" ಎಂದಳು. ವೆಲಿನಾ ಅವಳ ಕೈಯಿಂದ ಬ್ರೆಡ್ಡು ಕಿತ್ತುಕೊಂಡಳು. ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ವೆಲಿನಾ ಬ್ರೆಡ್ಡನ್ನು ಮತ್ತೆ ತಟ್ಟೆಗೆ ಇಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು.

ಬಂದವರ ನಂಬರನ್ನೆಲ್ಲ ಸರಿಮಾಡುತ್ತಿದ್ದಳು. ಒಂದೊಂದು ಹಸಿರು ಗುರುತಿಗೂ ಎದೆಯ ಭಾರ ಕಡಿಮೆಯಾಗಬೇಕಿತ್ತು, ಹೆಚ್ಚುತ್ತಿತ್ತು. ಕೊನೆಗೆ ಪ್ಲಾಮೆನ್ ಬಳಿ ಹೋದಳು. ಕಂಪನಿ ಕಳಿಸಿದ ಮ್ಯಾನೇಜರು, ಅವಳಿಗಿಂತ ಎಷ್ಟೋ ಚಿಕ್ಕವನು. ಕೆಟ್ಟವನಲ್ಲ. ಹಿತ್ತಲ ಬೆಕ್ಕಿಗೆ ತನ್ನ ಊಟದಲ್ಲಿ ಪಾಲು ಹಾಕುವವನು. ಎಲ್ಲ ಕೇಳಿಸಿಕೊಂಡ. ಪರದೆಯ ಮೇಲೆ ಅವಳು ತೋರಿಸಿದ್ದನ್ನು ಎರಡು ಸಲ ನೋಡಿದ.

"ಥೂ," ಎಂದ. "ಎರಡೂ ಒಂದೇ ಥರ ಇದೆಯಲ್ಲ."

"ಎಲ್ಲಾನೂ ಒಂದೇ ದಿನ ಬದಲಾಯಿಸಬಹುದು. ಹಾಕಿದ ದಂಡ ವಾಪಸ್ ತಗೊಂಡು, ಎಲ್ಲರಿಗೂ ತಪ್ಪಾಯ್ತು ಅಂತ ಬರೆದ್ರೆ..."

"ಬರೆದ್ರೆ ರಾಜಧಾನಿಯಿಂದ ಕೇಳ್ತಾರೆ, ತಪ್ಪು ಯಾರ್ದು ಅಂತ. ನಾನು ಹಸ್ತಾಂತರದ ಕಾಗದ ತೆಗೀಬೇಕಾಗುತ್ತೆ. ಅದರಲ್ಲಿರೋದು ನನ್ನ ಹೆಸರಲ್ಲ." ಹೆದರಿಸುವ ದನಿಯಿರಲಿಲ್ಲ ಅವನದು, ನಿಜಕ್ಕೂ ಅವಳ ಬಗ್ಗೆಯೇ ಯೋಚಿಸುತ್ತಿದ್ದ. "ಅಕ್ಕಾ, ಮನೆಯಲ್ಲಿ ಮಗು ಇದೆ. ನಿಮ್ಮ ಹತ್ರ ಬಂದೋರದ್ದು ಸದ್ದಿಲ್ಲದೆ ಸರಿಮಾಡ್ತಾ ಹೋಗಿ. ನಾನು ನೋಡಿಲ್ಲ. ನಿಧಾನಕ್ಕೆ ಎಲ್ಲರೂ ಬಂದೇ ಬರ್ತಾರೆ. ಉಪಕಾರ ಮಾಡಿದ ಹೆಸರೂ ನಿಮಗೇ ಇರ್ಲಿ."

ಹೊರಗೆ ಬಂದಾಗ ವೆಲಿನಾಳಿಗೆ ಮೊದಲು ಆದದ್ದು ಸಮಾಧಾನ. ಬಸ್ಸು ಹತ್ತುವಷ್ಟರಲ್ಲಿ ಆ ಸಮಾಧಾನಕ್ಕೇ ಹೇಸಿಗೆಯಾಯಿತು.

ಆಸ್ಪತ್ರೆಗೆ ಹೋಗುವುದಿಲ್ಲದ ದಿನ ನೋಡಿಕೊಂಡು ಸಂಜೆ ಸ್ತೋಯ್ನಾ ಅತ್ತೆಯ ಮನೆಗೆ ಇಳಿದು ಹೋದಳು. ಪೆನ್ಕೊ ಮಾವ ಇರಲಿಲ್ಲ. ಗ್ಯಾರೇಜಿನಲ್ಲಿ ಗೆಳೆಯರ ಜೊತೆ ಇಸ್ಪೀಟು. ಅತ್ತೆ ಮೇಜಿನ ಮೇಲೆ ಬೀನ್ಸ್ ಬೀಜ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ವೆಲಿನಾ ನಿಂತುಕೊಂಡೇ ಹೇಳಿದಳು. ಅಕ್ಷರದ ವಿಷಯ, ಸಹಿಯ ವಿಷಯ, ಅವರಿಗೆ ಬಂದ ಕಾಗದದ ವಿಷಯ. ಅತ್ತೆಯ ಬೆರಳು ನಿಲ್ಲಲಿಲ್ಲ.

"ಹಾಗಾದ್ರೆ ಆ ಗೌರವಪೂರ್ವಕವಾಗಿ ನೀನೇನಾ?"

"ಹೂಂ."

"ನಾನು ಯಾರೋ ಬೋಳುತಲೆ ಗಂಡಸು ಅಂದ್ಕೊಂಡಿದ್ದೆ." ಒಂದು ಚೂರು ಕಲ್ಲನ್ನು ಉಗುರಿನಿಂದ ಪಕ್ಕಕ್ಕೆ ಚಿಮ್ಮಿದರು. "ಹಿಮದಲ್ಲಿ ಬಿದ್ದಾಗ ಅವನನ್ನ ಎಷ್ಟು ಶಪಿಸಿದೀನಿ ಗೊತ್ತಾ. ಅವನ ಕಾಲು ಮುರೀಲಿ, ಅವನ ಮನೆ ದೀಪ ಆರಿಹೋಗ್ಲಿ ಅಂತ. ಮೇಲೇ ಇದ್ಯಲ್ಲ ಆ ದೀಪ."

ವೆಲಿನಾಳಿಗೆ ಅಳು ಬಂತು.

"ಅಳಬೇಡ. ನಂಗೆ ಹೇಳಿ ಹಗುರ ಆಗೋಣ ಅಂತ ಬಂದ್ಯಾ? ನನ್ನ ಮೈಯಲ್ಲಿ ಜಾಗ ಇಲ್ಲಮ್ಮ. ಕುಡಿದ ನೀರೇ ಹೊರಗೆ ಹೋಗಲ್ಲ, ನಿನ್ನ ಕಣ್ಣೀರು ಎಲ್ಲಿ ತುಂಬಿಸ್ಕೊಳ್ಲಿ?" ಆಮೇಲೆ ದನಿ ಸ್ವಲ್ಪ ಇಳಿಯಿತು. "ಪೆನ್ಕೊಗೆ ಮಾತ್ರ ಹೇಳ್ಬೇಡ. ಊರೆಲ್ಲ ನಿನ್ನ ಹೊಗಳ್ಕೊಂಡು ತಿರುಗಿದಾನೆ. ಅವನಿಗೆ ಮುಖ ಎಲ್ಲಿಟ್ಕೊಳೋದು ಅಂತ ಗೊತ್ತಾಗಲ್ಲ."

"ಆಯ್ತು ಅತ್ತೆ. ಬಂದೋರಿಗೆಲ್ಲ ಸರಿಮಾಡಿಕೊಡ್ತಾ ಇದೀನಿ. ಇನ್ನೂ ಯಾರಾದ್ರೂ ಇದ್ರೆ ನನ್ನ ಹತ್ರ ಕಳಿಸಿ."

ಆಗ ಮಾತ್ರ ಸ್ತೋಯ್ನಾ ಅತ್ತೆ ತಲೆ ಎತ್ತಿದರು.

"ಕಳಿಸೋದಾ? ನನ್ನ ಎದುರು ಮಂಚದಲ್ಲಿ ರಾಂಗೆಲ್ ಇದಾನೆ. ಸಕ್ಕರೆ ಕಾಯಿಲೆ, ಎರಡೂ ಕಾಲು ತೆಗೆದಿದಾರೆ. ಮಗಳು ಕಾರಲ್ಲಿ ಕರ್ಕೊಂಡು ಬರ್ತಾಳೆ, ಪ್ರತಿ ಸಲ ಚೀಟಿ. ಅವನನ್ನ ನಿನ್ನ ನಾಲ್ಕನೇ ಮಹಡಿಗೆ ಕಳಿಸ್ಲಾ? ಜಾಡಿ ಹಿಡ್ಕೊಂಡು ಬರ್ತಾನಾ ಅವ್ನು?" ಮತ್ತೆ ಬೀಜಗಳ ಕಡೆ ಬಗ್ಗಿದರು. "ಮೆಟ್ಟಿಲು ಹತ್ತೋಕೆ ಆಗೋರಿಗೆಲ್ಲ ನೀನು ನ್ಯಾಯ ಕೊಡ್ತಿದೀಯ. ಆ ಕಾರ್ಡು ಕೊಡೋದು ಮೆಟ್ಟಿಲು ಹತ್ತೋಕೆ ಆಗ್ದೇ ಇರೋರಿಗೆ."

ಮೇಲೆ ಬರುವಾಗ ವೆಲಿನಾ ಪ್ರತಿ ತಿರುವಿನಲ್ಲೂ ನಿಂತಳು. ದಿನವೂ ಹತ್ತುವ ಮೆಟ್ಟಿಲು. ಅವಳ ಕಾಲಿಗೆ ಏನೂ ಆಗಿರಲಿಲ್ಲ.

ಮರುದಿನ ಪ್ಲಾಮೆನ್ ನಗರಸಭೆಗೆ ಹೋಗಿದ್ದ ಹೊತ್ತಿನಲ್ಲಿ ಪಟ್ಟಿ ತೆರೆದು ಮೇಲಿನಿಂದ ಶುರು ಮಾಡಿದಳು. ಅಳಿಸು, ಟೈಪು ಮಾಡು, ಹಸಿರು. ಮಣಿಕಟ್ಟಿನ ಕೆಂಪು ಬಿಳಿ ದಾರ ಕೀಲಿಗಳ ಮೇಲೆ ಎಳೆಯುತ್ತಿತ್ತು. ತ್ಸೋಂಕಾ ಮೊದಲು ನೋಡುತ್ತಿದ್ದಳು, ಆಮೇಲೆ ಪದಬಂಧ ಬದಿಗಿಟ್ಟು, ಕಲ್ಲು ಬಿದ್ದವರ ಹೆಸರು ವಿಳಾಸಗಳನ್ನು ನಗರಸಭೆಯ ಹಳೆಯ ಕಡತದಲ್ಲಿ ಹುಡುಕಿ ಲಕೋಟೆಗಳ ಮೇಲೆ ಬರೆಯತೊಡಗಿದಳು, ಗೊಣಗುತ್ತ.

"ನಾನೇನೂ ಮಾಡ್ತಿಲ್ಲ, ಗೊತ್ತಾಯ್ತಾ? ನನ್ನ ಕೈಬರಹ ಚೆನ್ನಾಗಿದೆ, ಅಷ್ಟೇ."

ಸಿದ್ಧ ಉತ್ತರ ಮೂರರಲ್ಲಿ ಯಾವುದೂ ಹೊಂದಲಿಲ್ಲ. ವೆಲಿನಾ ಹೊಸದಾಗಿ ಬರೆದಳು. 'ನಿಮ್ಮ ಆಕ್ಷೇಪಣೆ ಸರಿಯಾಗಿತ್ತು. ನಿಮ್ಮ ವಾಹನ ಮೊದಲಿನಿಂದಲೂ ಪಟ್ಟಿಯಲ್ಲಿತ್ತು. ಅದನ್ನು ತಪ್ಪು ಅಕ್ಷರದಲ್ಲಿ ಹುಡುಕಿ, ಇಲ್ಲ ಎಂದು ನಿಮಗೆ ಬರೆದವಳು ನಾನು. ಇದಕ್ಕಾಗಿ ನೀವು ಯಾರನ್ನೂ ಕಾಣಬೇಕಾಗಿಲ್ಲ, ಯಾರಿಗೂ ಏನೂ ಕೊಡಬೇಕಾಗಿಲ್ಲ. ದಂಡ ವಾಪಸಾಗಬೇಕು ಎಂದು ನಗರಸಭೆಗೆ ಬರೆದಿದ್ದೇನೆ.' ನಗರಸಭೆಗೂ ಹಾಗೆಯೇ ಬರೆದಳು, ಸಹಿ ಹಾಕಿದ ದಿನದ ವಿಷಯ ಸೇರಿಸಿ.

"ಕೆಳಗೆ ವಿಭಾಗ ಅಂತ ಹಾಕು, ಸಾಕು," ಎಂದಳು ತ್ಸೋಂಕಾ. "ಹೆಸರು ಯಾಕೆ? ಕೊರಳು ನೀನೇ ಚಾಚ್ತೀಯಾ?"

"ವಿಭಾಗ ಅಂದ್ರೆ ನಾನೇ ಅಲ್ವೇನೇ."

ಪರದೆಯ ಮೂಲೆಯ ಗುರುತನ್ನು ಒತ್ತಿ ನಮ್ಮ ಲಿಪಿಗೆ ಬದಲಾಯಿಸಿದಳು. ಕೋರ್ಟಿನಲ್ಲಿ ಕೂಗಿ ಕರೆಯುವ ಹಾಗೆ ಮೂರು ಹೆಸರನ್ನೂ ಹಾಕಿದಳು: ತನ್ನದು, ಅಪ್ಪನದು, ಮನೆತನದ್ದು. ವೆಲಿನಾ ಇಲಿಯೆವಾ ಸರಾಫೊವಾ.

ಲಕೋಟೆಗಳ ನಡುವೆ ಪೆನ್ಕೊ ಮಾವನ ಹೆಸರು ಬಂದಾಗ ಕೈ ನಿಂತಿತು. ಹೇಳಬೇಡ ಎಂದಿದ್ದರು ಅತ್ತೆ. ಅವರ ನಂಬರು ಆಗಲೇ ಸರಿಯಾಗಿದೆ. ಇದೊಂದನ್ನು ಪಕ್ಕಕ್ಕಿಟ್ಟರೆ ಯಾರಿಗೂ ನಷ್ಟವಿಲ್ಲ. ಮೆಟ್ಟಿಲ ಬಳಿ ನಗುತ್ತ ನಿಲ್ಲುವ ಒಬ್ಬ ಮಾವ ಉಳಿಯುತ್ತಾರೆ. ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಬ್ಬರನ್ನು ಬಿಟ್ಟರೆ ಅದೂ ಒಂದು ಮಾಡಿಸಿಕೊಟ್ಟದ್ದೇ ಆಗುತ್ತದೆ, ಈ ಸಲ ತನಗೆ ತಾನೇ. ಕಾಗದ ಒಳಗೆ ತುರುಕಿ ಅಂಟಿಸಿದಳು.

ಪ್ಲಾಮೆನ್ ಬರುವಷ್ಟರಲ್ಲಿ ಲಕೋಟೆಗಳು ಅಂಚೆಗೆ ಹೋಗಿದ್ದವು. ಕಾಗದದ ಒಂದು ಪ್ರತಿಯನ್ನು ಅವನ ಕೈಗೆ ಕೊಟ್ಟಳು. ಅವನು ಓದಿದ. ಹಿತ್ತಲಿಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ.

"ಗುರುವಾರ ರಾಜಧಾನಿಯಿಂದ ಬರ್ತಾರಂತೆ. ನಾನು ನಿಮ್ಮ ಪರವಾಗಿ ಹೇಳ್ತೀನಿ ಅಕ್ಕಾ. ಆದ್ರೆ ಆ ಕುರ್ಚಿ..." ಎಂದು ಮುಗಿಸದೆ ಬಿಟ್ಟ.

ಅಂಚೆಯವನು ಕಟ್ಟಡದ ಕೆಳಗಿನ ಡಬ್ಬಿಗಳಿಗೆ ಕಾಗದ ಹಾಕುವುದು ಮಧ್ಯಾಹ್ನ. ಬುಧವಾರ ವೆಲಿನಾ ಕೆಲಸದಿಂದ ಬಂದಾಗ ಪೆನ್ಕೊ ಮಾವನ ಡಬ್ಬಿ ಖಾಲಿಯಾಗಿತ್ತು. ಮೊದಲ ಮಹಡಿ ದಾಟುವಾಗ ಬಾಗಿಲ ಹಿಂದೆ ಟೀವಿ ಸದ್ದು ಇರಲಿಲ್ಲ. ಮೇಲೆ ಬಂದು ಸಾರು ಬಿಸಿಗಿಟ್ಟಳು. ನೆವೆನಾ ಫೋನಿನಲ್ಲಿ ಏನೋ ಬರೆಯುತ್ತಿದ್ದಳು, ಇಂಗ್ಲಿಷ್ ಅಕ್ಷರದಲ್ಲೇ. ವೆಲಿನಾ ಅದನ್ನು ನೋಡಿ, ಸಾರಿನಲ್ಲಿ ಸೌಟು ಆಡಿಸಿದಳು.

ಕೆಳಗೆ ಒಂದು ಬಾಗಿಲು ತೆರೆದು ಮುಚ್ಚಿಕೊಂಡಿತು. ಹೆಜ್ಜೆ. ಭಾರವಾದ, ಗೊತ್ತಿರುವ ಹೆಜ್ಜೆ. ಎರಡನೇ ಮಹಡಿಯಲ್ಲಿ ನಿಂತಿತು, ಮತ್ತೆ ಶುರುವಾಯಿತು. ಈ ಸಲ ಕೂಗಿಲ್ಲ, ತಮಾಷೆಯಿಲ್ಲ. ಮೂರನೇ ಮಹಡಿಯಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತಿತು. ಅಲ್ಲಿಂದಲೇ ಹಿಂದಕ್ಕೆ ಇಳಿದು ಹೋಗಬಹುದು ಎಂದು ಒಂದು ಗಳಿಗೆ ಅವಳಿಗೆ ಆಸೆಯಾಯಿತು.

"ಯಾರೋ ಬರ್ತಿದಾರೆ ಅಮ್ಮ," ಎಂದಳು ನೆವೆನಾ. "ಇನ್ನೊಂದು ಜಾಡಿ."

"ಇಲ್ಲ," ಎಂದಳು ವೆಲಿನಾ. ಒಲೆ ಆರಿಸಿ, ಕೈ ಒರೆಸಿಕೊಂಡು, ಅವರು ಬಡಿಯುವ ಮೊದಲೇ ತೆಗೆಯಬೇಕೆಂದು ಬಾಗಿಲಿಗೆ ಹೋದಳು.